ಗಾಳಿ ಬಂದ ಮಾತ್ರಕ್ಕೆ ಫ್ಯಾನು ಸರಿಯಿದೆಯೇ?

(ಶಿರಸಿಯಲ್ಲಿ ಅಡಿಕೆ ಬೆಳೆಗಾರರು ಮತ್ತು ಸಣ್ಣ ಕಾರ್ಖಾನೆ ನಡೆಸುವವರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬೆಲ್ಟಿನಿಂದ ತಿರುಗುವ ಗಾಳಿಯ ಫ್ಯಾನನ್ನು ಮೊದಲ ಸಲ ಚಾಲೂ ಮಾಡುವ ಮುನ್ನ ಏನೇನು ನೋಡಬೇಕು ಎಂಬಷ್ಟೇ ಇವತ್ತಿನ ನನ್ನ ವಿಷಯ. ಅಡಿಕೆ ಒಣಗಿಸುವ ಮನೆ, ಸುಲಿಯುವ ಚಪ್ಪರ, ಗೇರುಬೀಜದ ಕಾರ್ಖಾನೆ, ಅಕ್ಕಿ ಗಿರಣಿ, ಹೀಗೆ ನಮ್ಮ ಜಿಲ್ಲೆಯ ಘಟ್ಟದ ಮೇಲೆಯೂ ಕೆಳಗೂ ಈ ಫ್ಯಾನುಗಳು ಈಗ ಬಹಳ ಕಡೆ ಕಾಣಸಿಗುತ್ತವೆ. ತಂದವರು ಗೋಡೆಗೆ ಕೂರಿಸುತ್ತಾರೆ, ವಯರು ಎಳೆಯುತ್ತಾರೆ, ಸ್ವಿಚ್ಚು ಒತ್ತುತ್ತಾರೆ. ಗಾಳಿ ಬಂತೆಂದರೆ ಕೆಲಸ ಮುಗಿಯಿತೆಂದು ಕೈ ತೊಳೆದುಕೊಳ್ಳುತ್ತಾರೆ. ಆ ಕೊನೆಯ ನಂಬಿಕೆಯ ಬಗ್ಗೆಯೇ ನನ್ನ ತಕರಾರು ಇರುವುದು, ಏಕೆಂದರೆ ಅದೇ ನಂಬಿಕೆಯಿಂದ ನಾನೂ ಒಮ್ಮೆ ಮುಖಭಂಗ ಅನುಭವಿಸಿದ್ದೇನೆ.

ಫಿಟ್ಟರ್ ಕೆಲಸಕ್ಕೆ ನಾನಿನ್ನೂ ಹೊಸಬನಾಗಿದ್ದ ಕಾಲದಲ್ಲಿ ಕುಮಟಾ ಕಡೆಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಹೊಗೆ ಎಳೆಯುವ ಫ್ಯಾನನ್ನು ಕೂರಿಸಿದ್ದೆವು. ಬಸವನಹುಳುವಿನ ಚಿಪ್ಪಿನಂಥ ಕವಚದೊಳಗೆ ಚಕ್ರ ತಿರುಗಿ, ನಡುವಿನಿಂದ ಗಾಳಿ ಒಳಗೆಳೆದು ಅಂಚಿನಿಂದ ಹೊರದೂಡುವ ಬಗೆಯ ಫ್ಯಾನು ಅದು. ಚಾಲೂ ಮಾಡಿ, ಕೊಳವೆಯ ಬಾಯಿಗೆ ನನ್ನ ಕರವಸ್ತ್ರ ಹಿಡಿದೆ. ಅದು ಚೆನ್ನಾಗಿಯೇ ಹಾರಾಡಿತು. ಎಲ್ಲರೂ ಚಹಾ ಕುಡಿದು ಮನೆಗೆ ಹೋದೆವು. ಹದಿನೈದು ದಿನಗಳ ಮೇಲೆ ಕರೆ ಬಂತು: ಬೀಜ ಒಡೆಯುವ ಹೆಂಗಸರಿಗೆ ಕಣ್ಣುರಿ ತಡೆಯಲಾಗುತ್ತಿಲ್ಲ, ಹೊಗೆ ಹೋಗುತ್ತಲೇ ಇಲ್ಲ ಎಂದು. ಹೋಗಿ ನೋಡಿದರೆ ಚಕ್ರ ಮೊದಲ ದಿನದಿಂದಲೂ ಉಲ್ಟಾ ತಿರುಗುತ್ತಿತ್ತು. ಮೂರು ಫೇಸಿನ ವಯರುಗಳಲ್ಲಿ ಎರಡನ್ನು ಅದಲುಬದಲು ಮಾಡಿದೆ, ಐದು ನಿಮಿಷದಲ್ಲಿ ಸರಿಯಾಯಿತು. ಅಷ್ಟು ದಿನ ಆ ಹೆಂಗಸರು ಉರಿಗಣ್ಣಿನಲ್ಲಿ ಕೆಲಸ ಮಾಡಿದ್ದು ನನ್ನ ಕರವಸ್ತ್ರವನ್ನು ನಾನು ನಂಬಿದ್ದರಿಂದ.

ಗೋಡೆಯ ಸಾಮಾನ್ಯ ಫ್ಯಾನು, ಎಂದರೆ ಎಲೆಗಳು ತಿರುಗಿ ನೇರವಾಗಿ ಗಾಳಿ ತಳ್ಳುವ ಬಗೆಯದು, ಉಲ್ಟಾ ತಿರುಗಿದರೆ ಗಾಳಿಯೂ ಉಲ್ಟಾ ಹೋಗುತ್ತದೆ. ತಪ್ಪು ಕೂಡಲೇ ಗೊತ್ತಾಗುತ್ತದೆ. ಬಸವನಹುಳುವಿನ ಬಗೆಯದು ಹಾಗಲ್ಲ. ಚಕ್ರ ಯಾವ ಕಡೆಗೆ ತಿರುಗಿದರೂ ಗಾಳಿ ಅಂಚಿಗೇ ಎಸೆಯಲ್ಪಡುತ್ತದೆ, ಕವಚ ಅದನ್ನು ಅದೇ ಬಾಯಿಯಿಂದಲೇ ಹೊರಗೆ ಕಳುಹಿಸುತ್ತದೆ. ಆದರೆ ಪ್ರಮಾಣ ಬಹಳ ಕಡಿಮೆ. ಹೀಗೆ ತಪ್ಪಾಗಿದ್ದೂ ಕೆಲಸ ಮಾಡುತ್ತಿರುವಂತೆ ತೋರುವ ಗುಣ ಬೆಲ್ಟಿನ ಫ್ಯಾನಿನಲ್ಲಿ ಇದೊಂದೇ ಕಡೆ ಇರುವುದಲ್ಲ. ಸಡಿಲ ಬೆಲ್ಟೂ ಫ್ಯಾನು ತಿರುಗಿಸುತ್ತದೆ, ಅತಿ ಬಿಗಿಯಾದ ಬೆಲ್ಟೂ ತಿರುಗಿಸುತ್ತದೆ, ಓರೆಯಾಗಿ ಕೂತ ಪುಲ್ಲಿಯೂ ತಿರುಗಿಸುತ್ತದೆ. ಆದ್ದರಿಂದಲೇ ಮೊದಲ ಪರೀಕ್ಷೆಯ ಬಹುಭಾಗ ಸ್ವಿಚ್ಚು ಒತ್ತುವ ಮೊದಲೇ, ಕೈಯಿಂದ ಮತ್ತು ಕಣ್ಣಿನಿಂದ ನಡೆಯಬೇಕು.

ಮೊದಲು ವಿದ್ಯುತ್ತು. ಮೇನ್ ಸ್ವಿಚ್ಚು ಬಂದ್ ಮಾಡಿ ಫ್ಯೂಸುಗಳನ್ನು ಕಿತ್ತು, ಅವನ್ನು ಬೇರೆ ಯಾರಿಗೂ ಕೊಡದೆ ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಸ್ವಿಚ್ಚಿಗೆ ಬೀಗ ಹಾಕುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು. ಕರಾವಳಿಯವರಿಗೆ ಇನ್ನೊಂದು ಮಾತು ಸೇರಿಸಬೇಕು: ಕಾರವಾರದಂಥ ಕಡೆ ಸಮುದ್ರದ ಗಾಳಿಯೇ ಗೋಡೆಯ ಫ್ಯಾನನ್ನು ಕರೆಂಟಿಲ್ಲದೆ ತಿರುಗಿಸಬಲ್ಲದು. ಮಧ್ಯಾಹ್ನದ ಗಾಳಿ ಎದ್ದ ಹೊತ್ತಿನಲ್ಲಿ ಕವಚದೊಳಗೆ ಕೈ ಹಾಕುವ ಮುನ್ನ ಚಕ್ರವನ್ನು ಹಗ್ಗದಿಂದ ಚೌಕಟ್ಟಿಗೆ ಕಟ್ಟಬೇಕು, ಕೆಲಸ ಮುಗಿದ ಮೇಲೆ ಆ ಹಗ್ಗ ಬಿಚ್ಚುವುದನ್ನು ಮರೆಯಬಾರದು.

ಆಮೇಲೆ ಫ್ಯಾನು ಬಂದ ದಾರಿ ನೆನೆಸಿಕೊಳ್ಳಿ. ಹುಬ್ಬಳ್ಳಿಯಲ್ಲಿ ಲಾರಿಗೆ ಹೇರಿದ ಯಂತ್ರ ಶಿರಸಿಯವರೆಗೆ ಹೇಗೋ ಬಂದೀತು. ಕುಮಟೆಗೆ ಹೋಗಬೇಕಾದರೆ ದೇವಿಮನೆ ಘಟ್ಟ, ಅಂಕೋಲಾ ಕಾರವಾರಕ್ಕೆ ಹೋಗಬೇಕಾದರೆ ಅರಬೈಲ ಘಟ್ಟ ಇಳಿಯಲೇಬೇಕು. ಆ ತಿರುವುಗಳಲ್ಲಿ ಕುಲುಕಾಡಿದ ಬೋಲ್ಟುಗಳು ಕಾರ್ಖಾನೆಯಲ್ಲಿ ಬಿಗಿದಷ್ಟೇ ಬಿಗಿಯಾಗಿ ಉಳಿದಿವೆಯೆಂದು ಭಾವಿಸಬೇಡಿ. ಪಾನಾ ಹಿಡಿದು ಬೇರಿಂಗಿನ ಬುಡದ ಬೋಲ್ಟು, ಮೋಟಾರಿನ ಬುಡದ ಬೋಲ್ಟು, ಕವಚದ ಬೋಲ್ಟು, ಚಕ್ರವನ್ನೂ ಪುಲ್ಲಿಗಳನ್ನೂ ಶಾಫ್ಟಿಗೆ ಹಿಡಿದಿಡುವ ಗ್ರಬ್ ಸ್ಕ್ರೂ, ಎಲ್ಲವನ್ನೂ ಒಂದೊಂದಾಗಿ ಮುಟ್ಟಿ ನೋಡಿ. ಈ ಗ್ರಬ್ ಸ್ಕ್ರೂ ಎಂಬ ಬೆರಳುಗುರಿನಷ್ಟು ಸಾಮಾನು ಸಡಿಲವಾಗಿದ್ದರೆ ಪುಲ್ಲಿ ಶಾಫ್ಟಿನ ಮೇಲೆ ಜಾರುತ್ತಾ ಹೋಗಿ ಕೀ, ಎಂದರೆ ಪುಲ್ಲಿಯನ್ನು ಶಾಫ್ಟಿಗೆ ಸಿಕ್ಕಿಸುವ ಕಬ್ಬಿಣದ ತುಂಡು, ಕೂರುವ ಗಾಡಿಯನ್ನೇ (ತೋಡನ್ನೇ) ತಿಂದುಹಾಕುತ್ತದೆ. ಫ್ಯಾನು ಸ್ಪ್ರಿಂಗಿನ ಮೇಲೆ ಕೂತಿದ್ದರೆ, ಸಾಗಣೆಯಲ್ಲಿ ಅಲುಗಾಡದಿರಲೆಂದು ಹಾಕಿದ ಪಟ್ಟಿಗಳನ್ನು ತೆಗೆದಿದ್ದಾರೆಯೇ ನೋಡಿ. ಅವು ಹಾಗೆಯೇ ಇದ್ದರೆ ಸ್ಪ್ರಿಂಗಿದ್ದೂ ಇಲ್ಲದಂತೆ.

ಗೋಡಾನಿನಲ್ಲಿ ಒಂದು ಮಳೆಗಾಲ ಕಳೆದ ಫ್ಯಾನಾದರೆ ಒಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡದೆ ಮುಂದೆ ಹೋಗಬೇಡಿ. ನಮ್ಮಲ್ಲಿ ಕುಂಬಾರ ಹುಳಕ್ಕೆ ಚಕ್ರದ ಎಲೆಗಳ ಸಂದಿಗಿಂತ ಪ್ರಶಸ್ತವಾದ ಜಾಗ ಬೇರೆ ಇಲ್ಲ. ಒಂದೇ ಕಡೆ ಅಂಟಿದ ಮುಷ್ಟಿಯಷ್ಟು ಮಣ್ಣು ಸಾಕು, ನಿಮಿಷಕ್ಕೆ 700 ಸುತ್ತು ತಿರುಗುವ ಚಕ್ರದ ತೂಕ ತಪ್ಪಿ ಇಡೀ ಚೌಕಟ್ಟು ನಡುಗಲು. ಇಲಿ ತಂದಿಟ್ಟ ಅಡಿಕೆ ಸಿಪ್ಪೆ, ಕೂರಿಸಿದವರು ಮರೆತ ಚಿಂದಿ ಬಟ್ಟೆ, ನಟ್ಟು, ಒಮ್ಮೆಯಂತೂ ಒಂದು ಚಹಾದ ಲೋಟ, ಇವನ್ನೆಲ್ಲ ನಾನು ಕವಚದೊಳಗಿನಿಂದ ಹೊರತೆಗೆದಿದ್ದೇನೆ.

ಗೋಡೆಯ ಬಗ್ಗೆ ಎರಡು ಮಾತು ಸಾಕು. ಚಿರೇಕಲ್ಲಿನ ಗೋಡೆಗೆ ತೂತು ಕೊರೆದು ಬಡಿದ ಬೋಲ್ಟು ನಡುಕಕ್ಕೆ ನಿಧಾನವಾಗಿ ಕಳಚಿ ಬರುತ್ತದೆ. ಗೋಡೆಯ ಎರಡೂ ಬದಿಗೆ ಪಟ್ಟಿ ಕೊಟ್ಟು ಆರುಪಾರು ಬೋಲ್ಟು ಹಾಕಿದ ಕಬ್ಬಿಣದ ಚೌಕಟ್ಟಿನ ಮೇಲೆ ಫ್ಯಾನು ಕೂತಿರಬೇಕು. ರಸಮಟ್ಟ ಇಟ್ಟು ಶಾಫ್ಟು ಮಟ್ಟದಲ್ಲಿದೆಯೇ ನೋಡಬೇಕು.

ಈಗ ಬೆಲ್ಟು ತೆಗೆದಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಿ. ಬೆಲ್ಟು ಇರುವಾಗ ಅದನ್ನೇ ಹಿಡಿದು ಎಳೆದು ತಿರುಗಿಸುವ ಅಭ್ಯಾಸ ಕೆಲವರಿಗಿದೆ. ಬೆಲ್ಟು ಮತ್ತು ಪುಲ್ಲಿಯ ನಡುವೆ ಬೆರಳು ಹೋಗುವುದು ಹೀಗೆಯೇ. ಚಕ್ರ ಮೆತ್ತಗೆ, ಸದ್ದಿಲ್ಲದೆ ತಿರುಗಿ ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ನಿಲ್ಲಬೇಕು. ಯಾವಾಗಲೂ ಒಂದೇ ಕಡೆ ಕೆಳಗೆ ಬಂದು ನಿಂತರೆ ಆ ಬದಿ ಭಾರವಿದೆ ಎಂದರ್ಥ. ಕರ್‌ಕರ್ ಎಂಬ ಸದ್ದಿದ್ದರೆ ಚಕ್ರ ಎಲ್ಲಿ ಕವಚಕ್ಕೆ ತಾಗುತ್ತಿದೆ ಎಂದು ಹುಡುಕಬೇಕು. ಗಾಳಿ ಒಳಬರುವ ಬಾಯಿಯ ಸುತ್ತಲೂ ಸಂದು ಒಂದೇ ಸಮನಾಗಿರಬೇಕು. ಸದ್ದು ಬೇರಿಂಗಿನದಾಗಿದ್ದರೆ ಅದು ಬೇರೆ ಕಥೆ: ನಿಂತಲ್ಲೇ ನಿಂತ ಶಾಫ್ಟು ಲಾರಿಯ ಕುಲುಕಾಟಕ್ಕೆ ಗುಂಡುಗಳ ಮೇಲೆ ಬಡಿದು ಬಡಿದು ಓಡುದಾರಿಯಲ್ಲಿ ಗುಳಿ ಬಿದ್ದಿರಬಹುದು, ಅಥವಾ ತೇವಕ್ಕೆ ತುಕ್ಕು ಹಿಡಿದಿರಬಹುದು. ಎರಡಕ್ಕೂ ಗ್ರೀಸು ಮದ್ದಲ್ಲ, ಬೇರಿಂಗು ಬದಲಿಸಲೇಬೇಕು. ಗ್ರೀಸಿನ ವಿಷಯದಲ್ಲಿ ನಮ್ಮವರ ಧಾರಾಳತನವೂ ಕೂಡದು. ಒಳಗೆ ಪೂರ್ತಿ ತುಂಬಿದ ಗ್ರೀಸು ತಾನೇ ಕಲಕಾಡಿ ಬಿಸಿಯಾಗುತ್ತದೆ. ಬೇರಿಂಗಿನ ಗೂಡಿನ ಮೂರನೆಯ ಒಂದು ಭಾಗದಿಂದ ಅರ್ಧದೊಳಗೆ ಇದ್ದರೆ ಸಾಕು.

ಇನ್ನು ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗಕ್ಕೆ ಬಂದೆ. ಬೆಲ್ಟು ಮತ್ತು ಪುಲ್ಲಿಗಳೇ ಈ ಯಂತ್ರದ ನಿಜವಾದ ಸ್ವಭಾವ.

ವಿ ಆಕಾರದ ಬೆಲ್ಟು ಎಳೆಯುವುದು ತನ್ನ ತಳದಿಂದಲ್ಲ, ಎರಡು ಪಕ್ಕೆಗಳಿಂದ. ಗಾಡಿಯ, ಎಂದರೆ ಪುಲ್ಲಿಯ ಅಂಚಿನ ಸುತ್ತ ಕೊರೆದ ತೋಡಿನ, ಓರೆ ಗೋಡೆಗಳ ನಡುವೆ ಬೆಣೆಯಂತೆ ಸಿಕ್ಕಿಕೊಂಡೇ ಅದು ಹಿಡಿತ ಪಡೆಯುತ್ತದೆ. ಆದ್ದರಿಂದ ಬೆಲ್ಟಿನ ನಂಬರು ಪುಲ್ಲಿಯ ಗಾಡಿಗೆ ಹೊಂದಲೇಬೇಕು. ಸಾಮಾನ್ಯವಾಗಿ ನಮಗೆ ಸಿಗುವ ‘ಎ’ ಬೆಲ್ಟಿನ ಮೇಲಗಲ 13 ಮಿಲಿಮೀಟರು, ದಪ್ಪ 8. ‘ಬಿ’ ಬೆಲ್ಟಿನ ಅಗಲ 17, ದಪ್ಪ 11. ‘ಬಿ’ ಗಾಡಿಯಲ್ಲಿ ‘ಎ’ ಬೆಲ್ಟು ಹಾಕಿದರೆ ಅದು ತಳಕ್ಕೆ ಹೋಗಿ ಕೂರುತ್ತದೆ, ಪಕ್ಕೆಯ ಹಿಡಿತ ತಪ್ಪುತ್ತದೆ, ಆದರೂ ಫ್ಯಾನು ತಿರುಗುತ್ತದೆ. ನೋಡುವವರಿಗೆ ಎಲ್ಲವೂ ಸರಿ. ಸರಿಯಾದ ಬೆಲ್ಟಿನ ಮೇಲ್ಮೈ ಪುಲ್ಲಿಯ ಅಂಚಿಗೆ ಹೆಚ್ಚುಕಡಿಮೆ ಸಮನಾಗಿ ನಿಲ್ಲುತ್ತದೆ, ಅದರ ಕೆಳಗೆ ಗಾಡಿಯ ತಳದವರೆಗೆ ಒಂದಿಷ್ಟು ಖಾಲಿ ಇರುತ್ತದೆ. ಎರಡು ಮೂರು ಬೆಲ್ಟು ಹಾಕುವ ಪುಲ್ಲಿಯಾದರೆ ಎಲ್ಲವೂ ಒಂದೇ ತಯಾರಕರ ಒಂದೇ ಜೊತೆಯವಾಗಿರಬೇಕು. ಒಂದು ಹಳೆಯದು ಒಂದು ಹೊಸದು ಹಾಕಿದರೆ ಗಿಡ್ಡವಾಗಿರುವ ಹೊಸ ಬೆಲ್ಟು ಇಡೀ ಭಾರ ಹೊತ್ತು, ಉದ್ದವಾದ ಹಳೆಯದು ಬರಿದೇ ಪಟಪಟಿಸುತ್ತದೆ.

ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರು ಮೀರಿ ಮಳೆ, ಅದರ ಮೇಲೆ ಉಪ್ಪುಗಾಳಿ. ಪೆಟ್ಟಿಗೆಯಲ್ಲಿದ್ದ ಬೀಡಿನ ಪುಲ್ಲಿಯ ಗಾಡಿಯಲ್ಲೂ ಕೆಂಪು ತುಕ್ಕು ಕೂತಿರುತ್ತದೆ. ಆ ಒರಟು ತುಕ್ಕು ಅರದಂತೆ ಬೆಲ್ಟನ್ನು ತೇಯುತ್ತದೆ. ಪುಲ್ಲಿಯ ಕೆಳಗೆ ಕಪ್ಪು ಪುಡಿ ಬಿದ್ದುದನ್ನು ನೀವು ನೋಡಿರುತ್ತೀರಿ, ಅದು ಬೆಲ್ಟಿನದೇ ಪುಡಿ. ಸಣ್ಣ ಮರಳುಕಾಗದದಿಂದ ಗಾಡಿಯನ್ನು ಉಜ್ಜಿ, ಒಣ ಬಟ್ಟೆಯಿಂದ ಒರೆಸಿ. ತುಕ್ಕು ಬಾರದಿರಲೆಂದು ಗಾಡಿಗೆ ಎಣ್ಣೆ ಸವರುವವರೂ ಇದ್ದಾರೆ. ಎಣ್ಣೆ ಬೆಲ್ಟಿನ ರಬ್ಬರನ್ನು ಕೆಡಿಸುತ್ತದೆ, ಹಿಡಿತವನ್ನೂ ಕಳೆಯುತ್ತದೆ.

ಎರಡು ಪುಲ್ಲಿಗಳು ಒಂದೇ ಸಾಲಿನಲ್ಲಿರಬೇಕು. ಇದನ್ನು ನೋಡಲು ದುಬಾರಿ ಸಲಕರಣೆ ಬೇಕಾಗಿಲ್ಲ, ಗಾರೆ ಕೆಲಸದವರ ದಾರ ಸಾಕು. ದಾರವನ್ನು ಒಂದು ಪುಲ್ಲಿಯ ಹೊರಮೈಯಿಂದ ಇನ್ನೊಂದರ ಹೊರಮೈಗೆ ಬಿಗಿಯಾಗಿ ಎಳೆದು ಹಿಡಿದಾಗ ಅದು ಒಂದೊಂದು ಪುಲ್ಲಿಯ ಅಂಚನ್ನು ಎರಡೆರಡು ಕಡೆ, ಒಟ್ಟು ನಾಲ್ಕು ಕಡೆ ತಾಗಬೇಕು. ಮೂರೇ ಕಡೆ ತಾಗಿದರೆ ಮೋಟಾರು ಓರೆಯಾಗಿದೆ. ಒಂದು ಪುಲ್ಲಿಗೆ ಎರಡೂ ಕಡೆ ತಾಗಿ ಇನ್ನೊಂದಕ್ಕೆ ಒಂದೇ ಸಮನಾದ ಸಂದು ಬಿಟ್ಟಿದ್ದರೆ ಯಾವುದೋ ಒಂದು ಪುಲ್ಲಿ ಶಾಫ್ಟಿನ ಮೇಲೆ ಒಳಗೋ ಹೊರಗೋ ಕೂತಿದೆ. ಇಲ್ಲೊಂದು ಮೋಸವಿದೆ: ಎರಡು ಪುಲ್ಲಿಗಳ ಅಂಚಿನ ದಪ್ಪ ಬೇರೆ ಬೇರೆಯಾಗಿದ್ದರೆ ಹೊರಮೈ ಸಮನಾಗಿದ್ದರೂ ಗಾಡಿಗಳು ಸಮನಾಗಿರುವುದಿಲ್ಲ. ಅಂಚಿನಿಂದ ಗಾಡಿಯ ನಡುವಿನವರೆಗೆ ಎರಡರಲ್ಲೂ ಅಳೆದು, ವ್ಯತ್ಯಾಸ ಇದ್ದಷ್ಟು ದಾರಕ್ಕೆ ಬಿಟ್ಟುಕೊಡಬೇಕು. ಸುಮಾರು ಅರ್ಧ ಡಿಗ್ರಿ ಓರೆಯನ್ನು ವಿ ಬೆಲ್ಟು ಸಹಿಸುತ್ತದೆ ಎನ್ನುತ್ತಾರೆ, ಎಂದರೆ 600 ಮಿಲಿಮೀಟರು ಅಂತರಕ್ಕೆ 5 ಮಿಲಿಮೀಟರಿನಷ್ಟು. ನನ್ನ ಅಭಿಪ್ರಾಯ ಕೇಳಿದರೆ, ಆ ರಿಯಾಯಿತಿಯನ್ನು ಹೊಸ ಯಂತ್ರದಲ್ಲೇ ಖರ್ಚು ಮಾಡಬಾರದು.

ಬೆಲ್ಟು ಹಾಕುವಾಗ ಮೋಟಾರಿನ ಬುಡದ ಬೋಲ್ಟು ಸಡಿಲಿಸಿ, ಮೋಟಾರನ್ನು ಫ್ಯಾನಿನತ್ತ ಸರಿಸಿ, ಬೆಲ್ಟನ್ನು ಕೈಯಿಂದಲೇ ಗಾಡಿಗೆ ಇಳಿಸಿ, ಮತ್ತೆ ಮೋಟಾರನ್ನು ಹಿಂದಕ್ಕೆ ಸರಿಸಬೇಕು. ಸ್ಕ್ರೂಡ್ರೈವರು ತೂರಿಸಿ ಪುಲ್ಲಿಯ ಅಂಚಿನ ಮೇಲಿಂದ ಎತ್ತಿ ಹಾಕಿದರೆ ಬೆಲ್ಟಿನೊಳಗಿನ ದಾರಗಳು ಅಲ್ಲೇ ಹರಿಯುತ್ತವೆ, ಹೊರಗಿನಿಂದ ಕಾಣುವುದಿಲ್ಲ; ಎರಡು ತಿಂಗಳಲ್ಲಿ ಬೆಲ್ಟು ಮಗುಚಿಕೊಂಡಾಗ ಅಂಗಡಿಯವನನ್ನು ಬಯ್ಯುತ್ತೇವೆ.

ಬಿಗಿತಕ್ಕೆ ಲೆಕ್ಕ ಹೀಗಿದೆ. ಎರಡು ಪುಲ್ಲಿಗಳ ನಡುವೆ ಬೆಲ್ಟು ನೇರವಾಗಿ ಸಾಗುವ ಉದ್ದ ಅಳೆದು, ಅದರ ನಟ್ಟನಡುವೆ ಒತ್ತಿದಾಗ ಬೆಲ್ಟು ಪ್ರತಿ 100 ಮಿಲಿಮೀಟರಿಗೆ 1.6 ಮಿಲಿಮೀಟರಿನಂತೆ ತಗ್ಗಬೇಕು. 600 ಮಿಲಿಮೀಟರು ಉದ್ದವಿದ್ದರೆ ಸುಮಾರು 10 ಮಿಲಿಮೀಟರು. ಎಷ್ಟು ಬಲದಿಂದ ಒತ್ತಬೇಕೆಂಬುದು ಬೆಲ್ಟಿನ ನಂಬರು ಮತ್ತು ಚಿಕ್ಕ ಪುಲ್ಲಿಯ ಗಾತ್ರದ ಮೇಲೆ ತಯಾರಕರ ಪಟ್ಟಿಯಲ್ಲಿರುತ್ತದೆ, ಮೀನಿನ ಅಂಗಡಿಯ ಕೊಕ್ಕೆ ತಕ್ಕಡಿಯಿಂದ ಎಳೆದು ನೋಡಿದರೂ ನಡೆಯುತ್ತದೆ. ವೀಣೆಯ ತಂತಿಯಂತೆ ಬಿಗಿದ ಬೆಲ್ಟನ್ನು ಕಂಡು ಹೆಮ್ಮೆಪಡುವವರು ಹಲವರು. ಆ ಎಳೆತವನ್ನೆಲ್ಲ ಹೊರುವುದು ಬೇರಿಂಗು, ಮತ್ತು ಬೇರಿಂಗು ಹೋಗುವುದು ಬೆಲ್ಟಿಗಿಂತ ದುಬಾರಿ.

ಪುಲ್ಲಿಯ ಗಾತ್ರವನ್ನೂ ಅಳೆದು ಬರೆದುಕೊಳ್ಳಿ. ಮೋಟಾರು ನಿಮಿಷಕ್ಕೆ 1440 ಸುತ್ತು, ಅದರ ಪುಲ್ಲಿ 125 ಮಿಲಿಮೀಟರು, ಫ್ಯಾನಿನ ಪುಲ್ಲಿ 250 ಇದ್ದರೆ ಫ್ಯಾನು 720 ಸುತ್ತು ತಿರುಗುತ್ತದೆ. ಗಾಳಿ ಸಾಲದೆಂದು 125ರ ಜಾಗದಲ್ಲಿ 140ರ ಪುಲ್ಲಿ ಹಾಕುವ ಉಪಾಯ ಸುಲಭವಾಗಿ ಹೊಳೆಯುತ್ತದೆ. ಗಾಳಿ ಹೆಚ್ಚುವುದು ನೂರಕ್ಕೆ ಹನ್ನೆರಡರಷ್ಟು ಮಾತ್ರ. ಆದರೆ ಬೇಕಾಗುವ ಶಕ್ತಿ ವೇಗದ ಘನದಂತೆ ಏರುವುದರಿಂದ ಮೋಟಾರಿನ ಹೊರೆ ಒಂದೂವರೆ ಪಟ್ಟಿಗಿಂತ ಸ್ವಲ್ಪ ಕಡಿಮೆ, ಎಂದರೆ 1.4 ಪಟ್ಟಾಗುತ್ತದೆ. ಮೋಟಾರು ಸುಟ್ಟ ದಿನ ಪುಲ್ಲಿಯ ನೆನಪು ಯಾರಿಗೂ ಬರುವುದಿಲ್ಲ.

ಮೋಟಾರಿನ ತೇವದ ಪರೀಕ್ಷೆ ನಮ್ಮ ಜಿಲ್ಲೆಯಲ್ಲಿ ಬಿಡುವಂಥದ್ದಲ್ಲ. ಎಲೆಕ್ಟ್ರಿಷಿಯನ್ನರಿಂದ 500 ವೋಲ್ಟಿನ ಮೆಗ್ಗರ್, ಎಂದರೆ ಕರೆಂಟು ಸೋರದಂತೆ ತಡೆಯುವ ಶಕ್ತಿಯನ್ನು ಅಳೆಯುವ ಉಪಕರಣ, ಹಿಡಿಸಿ, ಸುರುಳಿಗೂ ಮೋಟಾರಿನ ಮೈಗೂ ನಡುವೆ ಅಳೆಸಿ. ಒಣಗಿದ ಹೊಸ ಮೋಟಾರು ಹತ್ತಾರು, ನೂರಾರು ಮೆಗಓಮ್ ತೋರಿಸುತ್ತದೆ. ಒಂದೆರಡಕ್ಕೆ ಇಳಿದಿದ್ದರೆ ಒಳಗೆ ತೇವ ಕೂತಿದೆಯೆಂದೇ ತಿಳಿದು ಬಿಸಿಲಿಗಿಟ್ಟೋ, ಮುಚ್ಚಿದ ಪೆಟ್ಟಿಗೆಯಲ್ಲಿ ಹಳೆಯ ಬಗೆಯ ಬಲ್ಬು ಉರಿಸಿಟ್ಟೋ ಒಣಗಿಸಿ ಮತ್ತೆ ಅಳೆಸಬೇಕು. ಮೂರು ಫೇಸಿನ ಮೋಟಾರಿನ ಮೈಗೆ ಎರಡು ಪ್ರತ್ಯೇಕ ಅರ್ಥಿಂಗ್ ತಂತಿ ಇರಬೇಕು. ಹೊರೆ ಮೀರಿದಾಗ ಕರೆಂಟು ಕಡಿಯುವ, ಸ್ಟಾರ್ಟರಿನ ಓವರ್‌ಲೋಡ್ ರಿಲೇ ಮೋಟಾರಿನ ತಗಡಿನ ಮೇಲೆ ಬರೆದ ಆಂಪಿಯರಿಗೆ ಹೊಂದಿಸಿರಬೇಕು, ಅಂಗಡಿಯಿಂದ ಬಂದಾಗ ಇದ್ದ ಜಾಗದಲ್ಲೇ ಬಿಡಬಾರದು.

ಬೆಲ್ಟಿನ ಜಾಲರಿ ಮುಚ್ಚಳವನ್ನು ಚಾಲೂ ಮಾಡುವ ಮುನ್ನವೇ ಹಾಕಿ. ‘ಒಮ್ಮೆ ನೋಡಿಬಿಡೋಣ, ಆಮೇಲೆ ಹಾಕಿದರಾಯಿತು’ ಎಂಬ ಮಾತನ್ನು ನಾನು ಎಷ್ಟೋ ಕಡೆ ಕೇಳಿದ್ದೇನೆ. ಅಡಿಕೆ ಸುಗ್ಗಿಯಲ್ಲಿ ರಾತ್ರಿಯೆಲ್ಲ ಸುಲಿಯುವ ಕೆಲಸ ನಡೆಯುವ ಚಪ್ಪರದಲ್ಲಿ ಸೀರೆಯ ಸೆರಗು, ಹೆಗಲ ಮೇಲಿನ ಟವೆಲು, ಪಂಚೆಯ ಚುಂಗು ಎಲ್ಲವೂ ಆ ಬೆಲ್ಟಿನ ಹತ್ತಿರವೇ ಸುಳಿದಾಡುತ್ತಿರುತ್ತವೆ.

ಈಗ ಫ್ಯೂಸು ಹಾಕಬಹುದು. ಪುಲ್ಲಿಗಳ ನೇರಕ್ಕೆ ಯಾರೂ ನಿಲ್ಲದಂತೆ ನೋಡಿಕೊಂಡು, ಸ್ವಿಚ್ಚನ್ನು ಒಂದು ಕ್ಷಣ ಮಾತ್ರ ಒತ್ತಿ ಬಿಡಿ. ಚಕ್ರ ನಿಧಾನವಾಗುತ್ತಾ ನಿಲ್ಲುವಾಗ ಅದು ತಿರುಗುವ ದಿಕ್ಕು ಚೆನ್ನಾಗಿ ಕಾಣುತ್ತದೆ; ಕವಚದ ಮೇಲಿನ ಬಾಣದ ಗುರುತಿಗೆ ಅದನ್ನು ಹೋಲಿಸಿ. ಕರವಸ್ತ್ರವನ್ನು ಜೇಬಿನಿಂದ ತೆಗೆಯಬೇಡಿ. ದಿಕ್ಕು ಸರಿಯಿದ್ದರೆ ಐದು ನಿಮಿಷ ಓಡಿಸಿ, ವಯರಿನ ಸುತ್ತ ಇಕ್ಕಳದಂತೆ ಹಿಡಿದು ಕರೆಂಟು ಅಳೆಯುವ ಟಂಗ್ ಟೆಸ್ಟರಿನಿಂದ ಮೂರೂ ಫೇಸಿನ ಆಂಪಿಯರು ಅಳೆದು ತಗಡಿನ ಅಂಕಿಗೆ ಹೋಲಿಸಿ. ಬಸವನಹುಳುವಿನ ಬಗೆಯ ಫ್ಯಾನಾದರೆ ಕೊಳವೆ ಜೋಡಿಸದೆ, ಬಾಗಿಲು ತೆರೆದಿಟ್ಟು ಓಡಿಸಿ ನೋಡಬೇಡಿ. ತಡೆಯಿಲ್ಲದೆ ಗಾಳಿ ಹೆಚ್ಚು ಹರಿದಷ್ಟೂ ಮೋಟಾರಿನ ಮೇಲೆ ಹೊರೆ ಏರುವ ಚಕ್ರಗಳೇ ಅವುಗಳಲ್ಲಿ ಬಹಳ. ಚಾಲೂ ಆಗುವಾಗ ಬೆಲ್ಟು ಕಿರುಚಿ ಕೂಡಲೇ ಸುಮ್ಮನಾದರೆ ಸಡಿಲವಿದೆ. ಕರಾವಳಿಯಲ್ಲಿ ಎದುರು ಗಾಳಿ ಚಕ್ರವನ್ನು ಹಿಂದಕ್ಕೆ ತಿರುಗಿಸುತ್ತಿದ್ದಾಗ ಒತ್ತಿದರೂ ಹೀಗೆ ಕಿರುಚುತ್ತದೆ, ಆದ್ದರಿಂದ ಹೊರಗಿನ ಶಟರು ಫ್ಯಾನು ನಿಂತಾಗ ತಾನಾಗಿ ಮುಚ್ಚಿಕೊಳ್ಳುತ್ತದೆಯೇ ಎಂದೂ ನೋಡಿ.

ಅರ್ಧ ಗಂಟೆ ಓಡಿದ ಮೇಲೆ ನಿಲ್ಲಿಸಿ, ಫ್ಯೂಸು ಮತ್ತೆ ಕಿತ್ತು, ಬೇರಿಂಗು ಮತ್ತು ಬೆಲ್ಟು ಮುಟ್ಟಿ ನೋಡಿ, ಬಿಗಿತವನ್ನು ಮತ್ತೊಮ್ಮೆ ಅಳೆಯಿರಿ. ಹೊಸ ಬೆಲ್ಟು ಗಾಡಿಗೆ ಹೊಂದಿಕೊಂಡು ಸ್ವಲ್ಪ ಸಡಿಲವಾಗಿಯೇ ಇರುತ್ತದೆ. ಒಂದು ದಿನ ಓಡಿದ ಮೇಲೆ ಇನ್ನೊಮ್ಮೆ, ವಾರದ ಮೇಲೆ ಮತ್ತೊಮ್ಮೆ ಇದೇ ಕೆಲಸ.

ಕೋಣೆಗೆ ಗಾಳಿ ಬರುವ ದಾರಿಯೂ ಫ್ಯಾನಿನ ಭಾಗವೇ. ಅಡಿಕೆ ಬೇಯಿಸುವ ಒಲೆ ಅದೇ ಚಪ್ಪರದಲ್ಲಿದ್ದು ಕಿಟಕಿಗಳೆಲ್ಲ ಮುಚ್ಚಿದ್ದರೆ ಫ್ಯಾನು ತನಗೆ ಬೇಕಾದ ಗಾಳಿಯನ್ನು ಒಲೆಯ ಹೊಗೆಗೂಡಿನಿಂದಲೇ ಕೆಳಕ್ಕೆ ಎಳೆದುಕೊಳ್ಳುತ್ತದೆ, ಹೊಗೆಯೂ ವಿಷಾನಿಲವೂ ಕೆಲಸದವರ ಮುಖಕ್ಕೆ ಬರುತ್ತವೆ. ಫ್ಯಾನು ಓಡುತ್ತಿರುವಾಗ ಊದುಬತ್ತಿ ಹಚ್ಚಿ ಬಾಗಿಲು, ಕಿಟಕಿ, ಒಲೆಯ ಬಾಯಿ ಎಲ್ಲ ಕಡೆ ಹಿಡಿದು ಹೊಗೆ ಎತ್ತ ವಾಲುತ್ತದೆಂದು ನೋಡಿ.

ಉಪನ್ಯಾಸದ ನಂತರ ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ. ಬೆಲ್ಟು ಜಾರಿದರೆ ರಾಳದ ಪುಡಿ ಹಾಕಬಹುದೇ ಎಂದು ಹಿರಿಯ ಬೆಳೆಗಾರರೊಬ್ಬರು ಕೇಳಿದರು. ಹಳೆಯ ಗಿರಣಿಗಳ ಚಪ್ಪಟೆ ಬೆಲ್ಟಿಗೆ ಅಂಥ ಉಪಚಾರ ಇತ್ತು, ಅವರು ಅದನ್ನು ನೋಡಿ ಬೆಳೆದವರು. ವಿ ಬೆಲ್ಟಿಗೆ ಅದು ಬೇಡ; ಜಾರುತ್ತಿದ್ದರೆ ಬಿಗಿತ, ಗಾಡಿ ಅಥವಾ ಹೊರೆ, ಈ ಮೂರರಲ್ಲಿ ಒಂದು ತಪ್ಪಿದೆ, ಅಂಟು ಹಾಕಿದರೆ ಆ ತಪ್ಪು ಇನ್ನಷ್ಟು ದಿನ ಮುಚ್ಚಿರುತ್ತದೆ.

ಇವನ್ನೆಲ್ಲ ನೆನಪಿಡುವುದು ಹೇಗೆ ಎಂದು ಒಬ್ಬ ಯುವಕ ಕೇಳಿದ. ನಾನು ಮಾಡುವುದನ್ನು ಹೇಳಿದೆ: ಬೆಲ್ಟಿನ ಮುಚ್ಚಳದ ಒಳಬದಿಗೆ ಬಣ್ಣದ ಕುಂಚದಿಂದ ಬೆಲ್ಟಿನ ನಂಬರು, ಎರಡೂ ಪುಲ್ಲಿಯ ಗಾತ್ರ, ಮೊದಲ ದಿನದ ಮೂರು ಆಂಪಿಯರು ಮತ್ತು ತಾರೀಖು ಬರೆದಿಡುತ್ತೇನೆ. ಮುಂದೆ ಬೆಲ್ಟು ಬದಲಿಸಲು ಬರುವವನು ಯಾರೇ ಆಗಿರಲಿ, ಆ ಮುಚ್ಚಳವನ್ನು ಅವನು ಬಿಚ್ಚಲೇಬೇಕಲ್ಲ.